ನಡುವಣ ಯಂತ್ರದ ಚರಿತ್ರೆ: ಕ್ರಮವಿಧಿ ಭಾಷೆಗಳ ವೇದಿಕೆ ಮತ್ತು ಚಾಲನಾ ಪರಿಸರಗಳ ವಿಕಾಸ

ಗಣಕಯಂತ್ರದ ಇತಿಹಾಸವನ್ನು ನಿರೂಪಿಸುವವರು ಸಾಮಾನ್ಯವಾಗಿ ಎರಡು ಎಳೆಗಳನ್ನು ಹಿಡಿದು ಸಾಗುತ್ತಾರೆ. ಒಂದು ಯಂತ್ರಾಂಶದ ಎಳೆ. ನಿರ್ವಾತ ನಳಿಕೆಯಿಂದ ಟ್ರಾನ್ಸಿಸ್ಟರಿಗೆ, ಅಲ್ಲಿಂದ ಸಿಲಿಕಾನ್ ಚಿಪ್ಪಿಗೆ ಅದು ಬಂದು ನಿಲ್ಲುತ್ತದೆ. ಇನ್ನೊಂದು ಭಾಷೆಗಳ ಎಳೆ. ಫೋರ್ಟ್ರಾನ್, ಲಿಸ್ಪ್, ಪ್ಯಾಸ್ಕಲ್, ಸಿ, ಜಾವಾ ಎಂಬ ಹೆಸರುಗಳ ವಂಶವೃಕ್ಷವಾಗಿ ಅದು ಹರಡಿಕೊಳ್ಳುತ್ತದೆ. ಈ ಎರಡರ ನಡುವೆ ಮೂರನೆಯದೊಂದು ಪದರವಿದೆ. ಭಾಷೆಯಲ್ಲಿ ಬರೆದ ಕ್ರಮವಿಧಿ ನೇರವಾಗಿ ಯಂತ್ರವನ್ನು ತಲುಪದೆ, ಮತ್ತೊಂದು ತಂತ್ರಾಂಶದ ಆಶ್ರಯದಲ್ಲಿ ನಡೆಯುವಾಗ ಆ ಆಶ್ರಯವನ್ನು ಚಾಲನಾ ಪರಿಸರ ಎನ್ನಬಹುದು. ಅದರೊಂದಿಗೆ ಬರುವ ಸಿದ್ಧ ಗ್ರಂಥಾಲಯಗಳು, ಉಪಕರಣಗಳು, ನಿಯಮಗಳು ಎಲ್ಲವೂ ಸೇರಿದಾಗ ಅದು ವೇದಿಕೆಯಾಗುತ್ತದೆ. ಲೋಹದಲ್ಲಿ ಇಲ್ಲದ, ವಿವರಣೆಯಲ್ಲಿ ಮಾತ್ರ ಇರುವ ಈ ಯಂತ್ರವನ್ನು ಪ್ರಸ್ತುತ ಲೇಖನದಲ್ಲಿ ‘ನಡುವಣ ಯಂತ್ರ’ ಎಂದು ಕರೆಯಲಾಗಿದೆ.

ಈ ನಡುವಣ ಯಂತ್ರದ ಚರಿತ್ರೆ ಕೇವಲ ತಾಂತ್ರಿಕ ಸುಧಾರಣೆಯ ಚರಿತ್ರೆಯಲ್ಲ. ಕ್ರಮವಿಧಿಯನ್ನು ಯಂತ್ರದ ಹಿಡಿತದಿಂದ ಬಿಡಿಸುವ ಪ್ರತಿಯೊಂದು ಪ್ರಯತ್ನವೂ ಅದನ್ನು ಬೇರೊಂದು ಹಿಡಿತಕ್ಕೆ ಒಪ್ಪಿಸಿದೆ. ಆ ಹಿಡಿತ ಯಾರದು, ಎಷ್ಟು ಕಾಲದ್ದು ಎಂಬ ಪ್ರಶ್ನೆಯೇ ಈ ಪರಿಶೀಲನೆಯ ಕೇಂದ್ರ. ಇಂದು ಬರೆದ ಕ್ರಮವಿಧಿಯನ್ನು ಐವತ್ತು ವರ್ಷಗಳ ನಂತರ ನಡೆಸಿ ನೋಡಲು ಸಾಧ್ಯವೇ ಎಂಬುದು ಗ್ರಂಥಾಲಯಗಳಿಗೂ ಸಂಶೋಧಕರಿಗೂ ನೇರವಾಗಿ ಸಂಬಂಧಿಸಿದ ಸಂಗತಿಯಾದ್ದರಿಂದ ಈ ಪ್ರಶ್ನೆಗೆ ಪ್ರಾಮುಖ್ಯವಿದೆ.

1. ಆರಂಭಿಕ ಪ್ರಯತ್ನಗಳು

ಇಲ್ಲದ ಯಂತ್ರವೊಂದನ್ನು ತಂತ್ರಾಂಶದಿಂದ ಇದ್ದಂತೆ ಮಾಡುವ ಆಲೋಚನೆ ಗಣಕಯಂತ್ರದಷ್ಟೇ ಹಳೆಯದು. ಜಾನ್ ಮಾಕ್ಲಿ 1949ರಲ್ಲಿ ಸೂಚಿಸಿದ ‘ಶಾರ್ಟ್ ಕೋಡ್’ ಗಣಿತದ ಸೂತ್ರಗಳನ್ನು ಸಂಕೇತಗಳಾಗಿ ಬರೆದು, ಅವನ್ನು ಒಂದೊಂದಾಗಿ ಓದಿ ನಡೆಸುವ ವ್ಯವಸ್ಥೆಯಾಗಿತ್ತು. 1953ರಲ್ಲಿ ಜಾನ್ ಬ್ಯಾಕಸ್ ಐಬಿಎಂ 701 ಯಂತ್ರಕ್ಕಾಗಿ ‘ಸ್ಪೀಡ್‌ಕೋಡಿಂಗ್’ ಎಂಬ ವ್ಯವಸ್ಥೆಯನ್ನು ರೂಪಿಸಿದರು. ದಶಮಾಂಶ ಬಿಂದುವಿನ ಸ್ಥಾನವನ್ನು ತಾನೇ ಸರಿದೂಗಿಸಿಕೊಂಡು ಲೆಕ್ಕ ಮಾಡುವ ಸಾಮರ್ಥ್ಯ 701ರ ಯಂತ್ರಾಂಶದಲ್ಲಿ ಇರಲಿಲ್ಲ. ಸ್ಪೀಡ್‌ಕೋಡಿಂಗ್ ಆ ಸಾಮರ್ಥ್ಯವುಳ್ಳ ಕಲ್ಪಿತ ಯಂತ್ರವೊಂದನ್ನು ಅದರ ಮೇಲೆ ನಿಲ್ಲಿಸಿತು. ಕ್ರಮವಿಧಿಕಾರನ ಶ್ರಮ ಬಹಳಷ್ಟು ಉಳಿಯಿತು, ಆದರೆ ಕೆಲಸದ ವೇಗ ಹತ್ತರಿಂದ ಇಪ್ಪತ್ತು ಪಟ್ಟು ಕುಗ್ಗಿತು. ಯಂತ್ರದ ಸಮಯ ಅತ್ಯಂತ ದುಬಾರಿಯಾಗಿದ್ದ ಆ ಕಾಲದಲ್ಲಿ ಇದು ಹೆಚ್ಚು ದಿನ ನಡೆಯುವ ವ್ಯವಹಾರವಾಗಿರಲಿಲ್ಲ. ಅದೇ ಬ್ಯಾಕಸ್ 1957ರಲ್ಲಿ ಐಬಿಎಂ 704ಕ್ಕಾಗಿ ಹೊರತಂದ ಫೋರ್ಟ್ರಾನ್ ಕಂಪೈಲರು ಸೂತ್ರಗಳನ್ನು ಮುಂಚಿತವಾಗಿಯೇ ಯಂತ್ರಭಾಷೆಗೆ ಅನುವಾದಿಸಿಬಿಡುತ್ತಿತ್ತು. ಕೈಯಿಂದ ಬರೆದ ಯಂತ್ರಭಾಷೆಯ ಹತ್ತಿರಕ್ಕೆ ಬರುವ ವೇಗ ದೊರೆತೊಡನೆ ನಡುವಣ ಯಂತ್ರ ಹಿಂದೆ ಸರಿಯಿತು.

ಆದರೆ ಕಂಪೈಲರು ಹೊಸದೊಂದು ತೊಡಕನ್ನು ತಂದಿತು. ಪ್ರತಿ ಭಾಷೆಗೂ ಪ್ರತಿ ಯಂತ್ರಕ್ಕೂ ಪ್ರತ್ಯೇಕ ಅನುವಾದಕ ಬೇಕಾಯಿತು. ಹತ್ತು ಭಾಷೆ, ಹತ್ತು ಯಂತ್ರ ಇದ್ದರೆ ನೂರು ಅನುವಾದಕಗಳನ್ನು ಬರೆಯಬೇಕು. ನಡುವೆ ಎಲ್ಲರಿಗೂ ಸಮಾನವಾದ ಒಂದು ಭಾಷೆ ಇದ್ದರೆ, ಅದಕ್ಕೆ ಬರುವ ಹತ್ತು, ಅದರಿಂದ ಹೊರಡುವ ಹತ್ತು, ಒಟ್ಟು ಇಪ್ಪತ್ತು ಸಾಕು. ಐಬಿಎಂ ಯಂತ್ರಗಳ ಬಳಕೆದಾರರ ಸಂಘವಾದ ‘ಷೇರ್’ನ ಸಮಿತಿಯೊಂದು 1958ರಲ್ಲಿ ‘ಅನ್‌ಕೋಲ್’ ಎಂಬ ಹೆಸರಿನಲ್ಲಿ ಈ ಸಲಹೆಯನ್ನು ಮುಂದಿಟ್ಟಿತು. ಅದು ಕಾರ್ಯರೂಪಕ್ಕೆ ಬರಲಿಲ್ಲ. ಎಲ್ಲ ಭಾಷೆಗಳನ್ನೂ ಎಲ್ಲ ಯಂತ್ರಗಳನ್ನೂ ಒಳಗೊಳ್ಳಬಲ್ಲ ನಡುವಣ ಭಾಷೆ ಯಾವುದೆಂದು ನಿರ್ಧರಿಸುವುದೇ ಕಷ್ಟವಾಯಿತು. ಯಂತ್ರಗಳ ಸ್ವರೂಪವೂ ವರ್ಷವರ್ಷ ಬದಲಾಗುತ್ತಿತ್ತು. ಆದರೂ ಈ ಲೆಕ್ಕಾಚಾರ ಮುಂದಿನ ಎಲ್ಲ ಪ್ರಯತ್ನಗಳ ಹಿಂದೆಯೂ ಇದೆಯೆಂಬುದು ಗಮನಾರ್ಹ.

ಇದೇ ಅವಧಿಯ ಮತ್ತೊಂದು ಬೆಳವಣಿಗೆ ಜಾನ್ ಮೆಕಾರ್ಥಿಯವರ ಲಿಸ್ಪ್. 1960ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಭಾಷೆಯ ಅರ್ಥವನ್ನು ಅದೇ ಭಾಷೆಯಲ್ಲಿ ವಿವರಿಸುವ ಒಂದು ಸೂತ್ರವಿತ್ತು. ಅವರ ಸಹೋದ್ಯೋಗಿ ಸ್ಟೀವ್ ರಸೆಲ್ ಆ ಸೂತ್ರವನ್ನೇ ಐಬಿಎಂ 704ರಲ್ಲಿ ನಡೆಯುವಂತೆ ಬರೆದಾಗ ಲಿಸ್ಪ್‌ಗೆ ಇಂಟರ್‌ಪ್ರಿಟರ್ ದೊರೆಯಿತು. ಬಳಸಿ ಬಿಟ್ಟ ಸ್ಮೃತಿಕೋಶಗಳನ್ನು ತಾನೇ ಗುರುತಿಸಿ ಮರಳಿ ಪಡೆಯುವ ವಿಧಾನವೂ ಲಿಸ್ಪ್‌ನಿಂದಲೇ ಬಂದಿತು. ಕ್ರಮವಿಧಿಯನ್ನು ನಡೆಸುವುದಷ್ಟೇ ಅಲ್ಲದೆ ಅದರ ಯೋಗಕ್ಷೇಮವನ್ನೂ ನೋಡಿಕೊಳ್ಳುವ ಪರಿಸರದ ಕಲ್ಪನೆ ಇಲ್ಲಿಂದ ಆರಂಭವಾಯಿತೆನ್ನಬಹುದು.

2. ಪಿ-ಕೋಡ್ ಮತ್ತು ಸಾಗಿಸುವ ಸಮಸ್ಯೆ

1960ರ ದಶಕದ ಉತ್ತರಾರ್ಧದಲ್ಲಿ ಮಾರ್ಟಿನ್ ರಿಚರ್ಡ್ಸ್ ರೂಪಿಸಿದ ಬಿಸಿಪಿಎಲ್ ಭಾಷೆಯ ಕಂಪೈಲರು ‘ಓ-ಕೋಡ್’ ಎಂಬ ನಡುವಣ ಸಂಕೇತವನ್ನು ಹೊರಡಿಸುತ್ತಿತ್ತು. ಹೊಸ ಯಂತ್ರಕ್ಕೆ ಭಾಷೆಯನ್ನು ಒಯ್ಯಬೇಕಾದರೆ ಆ ಸಂಕೇತವನ್ನು ಯಂತ್ರಭಾಷೆಗೆ ತಿರುಗಿಸುವ ಚಿಕ್ಕ ಭಾಗವನ್ನಷ್ಟೇ ಬರೆದರೆ ಸಾಕಾಗುತ್ತಿತ್ತು. ಈ ಮಾರ್ಗವನ್ನು ವ್ಯಾಪಕವಾಗಿ ಪ್ರಚುರಪಡಿಸಿದ್ದು ನಿಕ್ಲಾಸ್ ವಿರ್ಥ್ ಅವರ ಪ್ಯಾಸ್ಕಲ್. ಜೂರಿಕ್‌ನ ಇಟಿಎಚ್ ಸಂಸ್ಥೆಯ ವಿರ್ಥ್ ತಂಡ 1970ರ ದಶಕದ ಮೊದಲರ್ಧದಲ್ಲಿ ‘ಪಿ-ಕೋಡ್’ ಹೊರಡಿಸುವ ಕಂಪೈಲರನ್ನು ಸಿದ್ಧಪಡಿಸಿ ಇತರ ಸಂಸ್ಥೆಗಳಿಗೆ ಹಂಚಿತು. ಈ ಪ್ಯಾಸ್ಕಲ್-ಪಿ ಕಂಪೈಲರಿನ ಟಿಪ್ಪಣಿಗಳನ್ನು ಬರೆದವರಲ್ಲಿ ಭಾರತೀಯ ಗಣಕವಿಜ್ಞಾನಿ ಕೇಶವ ನೋರಿ ಅವರೂ ಒಬ್ಬರೆಂಬುದನ್ನು ಇಲ್ಲಿ ಸ್ಮರಿಸಬೇಕು. ಪಿ-ಕೋಡಿನ ಯಂತ್ರ ಒಂದರ ಮೇಲೊಂದು ಪೇರಿಸಿ ಮೇಲಿನದನ್ನೇ ಮೊದಲು ತೆಗೆಯುವ ಅಟ್ಟಿಯ ಕ್ರಮದಲ್ಲಿ ಕೆಲಸ ಮಾಡುತ್ತಿತ್ತು. ಆದೇಶಗಳು ಕಡಿಮೆ, ನಿಯಮಗಳು ಸರಳ. ಅಂತಹ ಯಂತ್ರವನ್ನು ಯಾವ ಗಣಕದಲ್ಲಾದರೂ ಅಲ್ಪಾವಧಿಯಲ್ಲಿ ಅನುಕರಿಸಬಹುದಾಗಿತ್ತು.

ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೆನೆತ್ ಬೌಲ್ಸ್ ಅವರ ಮಾರ್ಗದರ್ಶನದಲ್ಲಿ ವಿದ್ಯಾರ್ಥಿಗಳು ಇದನ್ನು ಪೂರ್ಣ ಕಾರ್ಯಾಚರಣ ವ್ಯವಸ್ಥೆಯಾಗಿ ಬೆಳೆಸಿದರು. ‘ಪಿ-ಸಿಸ್ಟಮ್’ ಎಂದು ಹೆಸರಾದ ಈ ವೇದಿಕೆ 1979ರಲ್ಲಿ ಆಪಲ್ ಯಂತ್ರಗಳಿಗೂ ಬಂದಿತು. 1981ರಲ್ಲಿ ಐಬಿಎಂ ತನ್ನ ವೈಯಕ್ತಿಕ ಗಣಕವನ್ನು ಪ್ರಕಟಿಸಿದಾಗ ಗ್ರಾಹಕರ ಮುಂದಿಟ್ಟ ಮೂರು ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಇದೂ ಒಂದಾಗಿತ್ತು. ಬೇರೆ ಬೇರೆ ಯಂತ್ರಗಳಲ್ಲಿ ಒಂದೇ ಕ್ರಮವಿಧಿ ನಡೆಯುವ ಕಾಲ ಅಂದೇ ಬಂದಿತೆಂದು ಭಾವಿಸಲು ಅವಕಾಶವಿತ್ತು.

ಅದು ಹಾಗಾಗಲಿಲ್ಲ. ಅಂದಿನ ಅಲ್ಪವೇಗದ ಚಿಪ್ಪುಗಳಲ್ಲಿ ಪಿ-ಕೋಡ್ ನಿಧಾನವಾಗಿತ್ತು. 1983ರಲ್ಲಿ ಬೋರ್ಲ್ಯಾಂಡ್ ಸಂಸ್ಥೆ ಹೊರತಂದ, ಆಂಡರ್ಸ್ ಹೈಲ್ಸ್‌ಬರ್ಗ್ ಮೂಲ ಕಂಪೈಲರನ್ನು ಬರೆದಿದ್ದ ಟರ್ಬೋ ಪ್ಯಾಸ್ಕಲ್ ನೇರವಾಗಿ ಯಂತ್ರಭಾಷೆಯನ್ನೇ ಹೊರಡಿಸುತ್ತಿತ್ತು. ಅದರ ಬೆಲೆ ಐವತ್ತು ಡಾಲರಿನೊಳಗೆ. ಇದರೊಂದಿಗೆ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆ ಮತ್ತೊಂದು ಉತ್ತರವನ್ನು ಕೊಟ್ಟಿತ್ತು. 1973ರಲ್ಲಿ ಯೂನಿಕ್ಸ್ ವ್ಯವಸ್ಥೆಯನ್ನೇ ಸಿ ಭಾಷೆಯಲ್ಲಿ ಮತ್ತೆ ಬರೆಯಲಾಯಿತು. ನಡುವಣ ಯಂತ್ರವನ್ನು ಕಲ್ಪಿಸುವ ಬದಲು ಮೂಲಪಾಠವನ್ನೇ ಒಯ್ದು ಹೊಸ ಯಂತ್ರದಲ್ಲಿ ಮತ್ತೆ ಕಂಪೈಲ್ ಮಾಡುವುದು ಈ ಮಾರ್ಗ. 1980ರ ದಶಕದಲ್ಲಿ ಮೇಲುಗೈ ಪಡೆದದ್ದು ಇದೇ.

3. ವೇಗದ ಪ್ರಶ್ನೆಗೆ ದೊರೆತ ಉತ್ತರ

ನಡುವಣ ಯಂತ್ರ ನಿಧಾನವಾಗಿಯೇ ಇರಬೇಕೆಂಬ ನಿಯಮವಿಲ್ಲ ಎಂಬುದನ್ನು ತೋರಿಸಿದವರು ಸ್ಮಾಲ್‌ಟಾಕ್ ಪರಂಪರೆಯವರು. ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಅಲನ್ ಕೇ, ಡ್ಯಾನ್ ಇಂಗಾಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರು ಬೆಳೆಸಿದ ಸ್ಮಾಲ್‌ಟಾಕ್ ಬೈಟ್‌ಕೋಡ್ ಎಂಬ ಸಂಕೇತದ ಮೇಲೆ ನಿಂತಿತ್ತು. 1984ರಲ್ಲಿ ಪೀಟರ್ ಡಾಯ್ಚ್ ಮತ್ತು ಅಲನ್ ಷಿಫ್‌ಮನ್ ಇದನ್ನು ನಡೆಸುವ ಹೊಸ ಕ್ರಮವೊಂದನ್ನು ಪ್ರಕಟಿಸಿದರು. ಬೈಟ್‌ಕೋಡನ್ನು ಪ್ರತಿಸಲ ಓದಿ ನಡೆಸುವ ಬದಲು, ಒಂದು ಭಾಗ ಮೊದಲ ಸಲ ಬೇಕಾದಾಗ ಅದನ್ನು ಯಂತ್ರಭಾಷೆಗೆ ತಿರುಗಿಸಿ ಇಟ್ಟುಕೊಳ್ಳುವುದು ಆ ಕ್ರಮ. ಅಗತ್ಯ ಬಿದ್ದ ಹೊತ್ತಿನಲ್ಲಿ ಮಾಡುವ ಅನುವಾದ ಎಂದು ಇದನ್ನು ವರ್ಣಿಸಬಹುದು.

ಡೇವಿಡ್ ಉಂಗರ್ ಮತ್ತು ರ್‍ಯಾಂಡಲ್ ಸ್ಮಿತ್ ರೂಪಿಸಿದ ‘ಸೆಲ್ಫ್’ ಭಾಷೆಯ ಸಂಶೋಧನೆ ಇದನ್ನು ಇನ್ನಷ್ಟು ಮುಂದೊಯ್ದಿತು. ಕ್ರಮವಿಧಿ ನಡೆಯುತ್ತಿರುವಾಗಲೇ ಅದರ ಯಾವ ಭಾಗ ಪದೇ ಪದೇ ಬಳಕೆಯಾಗುತ್ತಿದೆ ಎಂಬುದನ್ನು ಗಮನಿಸಿ, ಆ ಭಾಗವನ್ನು ಮಾತ್ರ ಹೆಚ್ಚಿನ ಎಚ್ಚರದಿಂದ ಮತ್ತೆ ಅನುವಾದಿಸುವ ವಿಧಾನವನ್ನು ಉರ್ಸ್ ಹೋಲ್ಜ್ಲ ಮೊದಲಾದವರು ಬೆಳೆಸಿದರು. ಮುಂಚಿತವಾಗಿ ಕಂಪೈಲ್ ಮಾಡುವವನಿಗೆ ಇಲ್ಲದ ಅನುಕೂಲ ಇಲ್ಲಿದೆ. ಕ್ರಮವಿಧಿ ವಾಸ್ತವದಲ್ಲಿ ಹೇಗೆ ವರ್ತಿಸುತ್ತಿದೆ ಎಂಬ ಅನುಭವ ಚಾಲನಾ ಪರಿಸರಕ್ಕೆ ದೊರೆಯುತ್ತದೆ. ಹೀಗೆ 1950ರ ದಶಕದಲ್ಲಿ ನಡುವಣ ಯಂತ್ರವನ್ನು ಸೋಲಿಸಿದ್ದ ವೇಗದ ಆಕ್ಷೇಪಣೆ 1990ರ ದಶಕದ ವೇಳೆಗೆ ಬಹುಮಟ್ಟಿಗೆ ಬಲ ಕಳೆದುಕೊಂಡಿತು.

4. ಜಾವಾ ಮತ್ತು ಡಾಟ್‌ನೆಟ್

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1991ರಲ್ಲಿ ಆರಂಭಿಸಿದ ‘ಗ್ರೀನ್’ ಯೋಜನೆ ಗೃಹೋಪಯೋಗಿ ಉಪಕರಣಗಳನ್ನು ಉದ್ದೇಶಿಸಿತ್ತು. ಅಂತಹ ಉಪಕರಣಗಳಲ್ಲಿ ಬಗೆಬಗೆಯ ಚಿಪ್ಪುಗಳು ಇರುವುದರಿಂದ ಜೇಮ್ಸ್ ಗಾಸ್ಲಿಂಗ್ ಮತ್ತೆ ನಡುವಣ ಯಂತ್ರದ ಮೊರೆಹೊಕ್ಕರು. ಮೊದಲು ‘ಓಕ್’ ಎಂದಿದ್ದ ಭಾಷೆ ಜಾವಾ ಎಂಬ ಹೆಸರಿನಲ್ಲಿ 1995ರ ಮೇ 23ರಂದು ಪ್ರಕಟವಾಯಿತು. ಅಷ್ಟರಲ್ಲಿ ಅಂತರಜಾಲ ಜನಸಾಮಾನ್ಯರನ್ನು ತಲುಪತೊಡಗಿತ್ತು. ಯಾವ ಯಂತ್ರವೆಂದು ತಿಳಿಯದ ದೂರದ ಗಣಕಕ್ಕೆ ಕ್ರಮವಿಧಿಯನ್ನು ಕಳುಹಿಸಬೇಕಾದ ಸಂದರ್ಭ ಮೊದಲ ಬಾರಿಗೆ ಒದಗಿತು. ಅಪರಿಚಿತರಿಂದ ಬಂದ ಕ್ರಮವಿಧಿಯನ್ನು ನಂಬುವುದು ಹೇಗೆಂಬ ಪ್ರಶ್ನೆಯೂ ಅದರೊಂದಿಗೇ ಹುಟ್ಟಿತು. ಜಾವಾದ ನಡುವಣ ಯಂತ್ರ ಬೈಟ್‌ಕೋಡನ್ನು ನಡೆಸುವ ಮುನ್ನ ಅದು ನಿಯಮಬದ್ಧವಾಗಿದೆಯೇ ಎಂದು ಪರೀಕ್ಷಿಸುತ್ತಿತ್ತು. ಅನ್‌ಕೋಲ್ ಕಾಲದಲ್ಲಿ ಶ್ರಮದ ಉಳಿತಾಯಕ್ಕಾಗಿ ಬೇಕಾಗಿದ್ದ ನಡುವಣ ಪದರ ಈಗ ರಕ್ಷಣೆಗಾಗಿಯೂ ಬೇಕಾಯಿತು. 1958ರಲ್ಲಿ ನೆಲೆ ಕಾಣದ ಆಲೋಚನೆ 1995ರ ನಂತರ ನೆಲೆಯೂರಲು ಯಂತ್ರದ ವೇಗ ಒಂದು ಕಾರಣವಾದರೆ ಜಾಲ ಇನ್ನೊಂದು ಕಾರಣ. 1999ರ ಏಪ್ರಿಲ್‌ನಲ್ಲಿ ಬಂದ ‘ಹಾಟ್‌ಸ್ಪಾಟ್’ ಸ್ಮಾಲ್‌ಟಾಕ್ ಮತ್ತು ಸೆಲ್ಫ್ ಪರಂಪರೆಯ ವಿಧಾನಗಳನ್ನು ಜಾವಾಕ್ಕೆ ಅಳವಡಿಸಿ ವೇಗದ ಕೊರತೆಯನ್ನೂ ತುಂಬಿತು.

ಮೈಕ್ರೋಸಾಫ್ಟ್ ಸಂಸ್ಥೆ 2002ರಲ್ಲಿ ಡಾಟ್‌ನೆಟ್ ವೇದಿಕೆಯ ಮೊದಲ ಆವೃತ್ತಿಯನ್ನು ಹೊರತಂದಿತು. ಅದರ ಪ್ರಧಾನ ಭಾಷೆಯಾದ ಸಿ-ಶಾರ್ಪ್‌ನ ರೂಪಣೆಯನ್ನು ಮುನ್ನಡೆಸಿದವರು ಟರ್ಬೋ ಪ್ಯಾಸ್ಕಲಿನ ಹೈಲ್ಸ್‌ಬರ್ಗ್ ಅವರೇ. ಪಿ-ಕೋಡಿನ ಮಾರುಕಟ್ಟೆಯನ್ನು ಕುಗ್ಗಿಸಿದ ಕೈ ಇಪ್ಪತ್ತು ವರ್ಷಗಳ ನಂತರ ನಡುವಣ ಯಂತ್ರದ ಮೇಲೆ ನಿಂತ ಭಾಷೆಯನ್ನು ಕಟ್ಟಿತು. ಜಾವಾ ಒಂದು ಭಾಷೆಯನ್ನು ಹಲವು ಯಂತ್ರಗಳಿಗೆ ಒಯ್ಯುವ ಆಶಯದಿಂದ ಹೊರಟರೆ, ಡಾಟ್‌ನೆಟ್ ಹಲವು ಭಾಷೆಗಳನ್ನು ಒಂದು ವೇದಿಕೆಯಲ್ಲಿ ಕೂಡಿಸುವ ಆಶಯದಿಂದ ಹೊರಟಿತು. ಮುಂದೆ ಈ ಭೇದವೂ ಅಳಿಯಿತು. ಸ್ಕಾಲಾ, ಕ್ಲೋಜರ್, ಕೋಟ್ಲಿನ್ ಮೊದಲಾದ ಭಾಷೆಗಳು ಜಾವಾದ ಯಂತ್ರವನ್ನೇ ಆಶ್ರಯಿಸಿದವು. 2016ರಲ್ಲಿ ಹೊರಬಂದ ಡಾಟ್‌ನೆಟ್ ಕೋರ್ ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲೂ ನಡೆಯಿತು.

5. ಒಡೆತನದ ಪ್ರಶ್ನೆ

ನಡುವಣ ಯಂತ್ರ ಎಲ್ಲರಿಗೂ ಅನಿವಾರ್ಯವಾದೊಡನೆ ಅದರ ವಿವರಣೆಯನ್ನು ಬರೆಯುವ ಅಧಿಕಾರವೂ ಅಮೂಲ್ಯವಾಯಿತು. 1997ರ ಅಕ್ಟೋಬರ್‌ನಲ್ಲಿ ಸನ್ ಸಂಸ್ಥೆ ಮೈಕ್ರೋಸಾಫ್ಟ್ ವಿರುದ್ಧ ದಾವೆ ಹೂಡಿತು. ಮೈಕ್ರೋಸಾಫ್ಟಿನ ಜಾವಾ ಆವೃತ್ತಿ ಒಪ್ಪಂದದ ನಿಯಮಗಳನ್ನು ಪೂರೈಸದೆ, ವಿಂಡೋಸ್‌ನಲ್ಲಿ ಮಾತ್ರ ನಡೆಯುವ ಕ್ರಮವಿಧಿಗಳಿಗೆ ಎಡೆಮಾಡಿಕೊಡುತ್ತಿದೆ ಎಂಬುದು ಅದರ ವಾದ. 2001ರ ಜನವರಿಯಲ್ಲಿ ಮೈಕ್ರೋಸಾಫ್ಟ್ 2 ಕೋಟಿ ಡಾಲರ್ ನೀಡುವುದರೊಂದಿಗೆ ಅದು ರಾಜಿಯಲ್ಲಿ ಮುಗಿಯಿತು. ಸನ್ ಸಂಸ್ಥೆ 2006ರಲ್ಲಿ ಜಾವಾವನ್ನು ಮುಕ್ತ ಪರವಾನಗಿಯಡಿ ಬಿಡುವುದಾಗಿ ಘೋಷಿಸಿತು. 2010ರಲ್ಲಿ ಸನ್ ಅನ್ನು ಕೊಂಡುಕೊಂಡ ಒರಾಕಲ್ ಸಂಸ್ಥೆ ಅದೇ ವರ್ಷ ಗೂಗಲ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ಗೂಗಲ್ ತನ್ನ ಆಂಡ್ರಾಯ್ಡ್ ವೇದಿಕೆಗೆ ‘ಡಾಲ್ವಿಕ್’ ಎಂಬ ಬೇರೆಯದೇ ನಡುವಣ ಯಂತ್ರವನ್ನು ಕಟ್ಟಿಕೊಂಡಿತ್ತು. ಆದರೆ ಜಾವಾ ಬಲ್ಲವರಿಗೆ ಪರಿಚಿತವಾಗಿರಲೆಂದು ಜಾವಾ ಗ್ರಂಥಾಲಯದ ಸುಮಾರು 11,500 ಸಾಲುಗಳ ಘೋಷಣೆಗಳನ್ನು ಹಾಗೆಯೇ ಬಳಸಿತ್ತು. ಹತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆದ ಈ ವ್ಯಾಜ್ಯದಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2021ರ ಏಪ್ರಿಲ್ 5ರಂದು 6–2ರ ಬಹುಮತದಿಂದ ಗೂಗಲ್‌ನ ಬಳಕೆ ನ್ಯಾಯಸಮ್ಮತವೆಂದು ತೀರ್ಪು ನೀಡಿತು. ಅಂತಹ ಘೋಷಣೆಗಳಿಗೆ ಕೃತಿಸ್ವಾಮ್ಯ ಉಂಟೇ ಎಂಬ ಮೂಲ ಪ್ರಶ್ನೆಯನ್ನು ಮಾತ್ರ ನ್ಯಾಯಾಲಯ ನಿರ್ಣಯಿಸಲಿಲ್ಲ. ವೇದಿಕೆಯೆಂದರೆ ಅದರ ಸಂಕೇತವೇ, ಅಥವಾ ಅದರೊಂದಿಗೆ ಮಾತನಾಡುವ ರೀತಿಯೇ ಎಂಬುದು ಹೀಗೆ ಇನ್ನೂ ತೆರೆದೇ ಇದೆ.

6. ಕನ್ನಡ ಲಿಪಿಯ ನಿದರ್ಶನ

ನಡುವಣ ಯಂತ್ರದ ಶಕ್ತಿ ಮತ್ತು ಮಿತಿ ಎರಡನ್ನೂ ಕನ್ನಡದ ಅನುಭವದಿಂದ ತಿಳಿಯಬಹುದು. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿತ್ತು. ಜಾವಾ ತನ್ನ ಅಕ್ಷರಗಳಿಗೆ ಆರಂಭದಿಂದಲೇ ಯೂನಿಕೋಡನ್ನು ಆಧಾರವಾಗಿಟ್ಟುಕೊಂಡಿತು. ಅದರ ಆದೇಶಪದಗಳು ಇಂಗ್ಲಿಷಿನವೇ ಆದರೂ ಕ್ರಮವಿಧಿಯೊಳಗಿನ ಹೆಸರುಗಳನ್ನು ಕನ್ನಡದಲ್ಲಿ ಬರೆಯಲು ಅಡ್ಡಿ ಇರಲಿಲ್ಲ. ಒಂದೊಂದು ಫಾಂಟಿಗೂ ಒಂದೊಂದು ಸಂಕೇತಕ್ರಮವಿದ್ದು, ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲಾಗದಿದ್ದ ಆ ದಿನಗಳಲ್ಲಿ ಇದು ಮಹತ್ವದ ಅವಕಾಶವಾಗಿತ್ತು.

ಆದರೆ ಅಕ್ಷರವನ್ನು ಸಂಗ್ರಹಿಸುವುದು ಬೇರೆ, ತೋರಿಸುವುದು ಬೇರೆ. ಕನ್ನಡದ ಒತ್ತಕ್ಷರ, ಗುಣಿತಾಕ್ಷರಗಳು ಪರದೆಯ ಮೇಲೆ ಸರಿಯಾಗಿ ಮೂಡಬೇಕಾದರೆ ಸಂಕೇತಗಳ ಸರಣಿಯನ್ನು ಆಕಾರಗಳಾಗಿ ಹೊಂದಿಸುವ ವ್ಯವಸ್ಥೆ ಬೇಕು, ತಕ್ಕ ಫಾಂಟೂ ಬೇಕು. ಅವು ಕೆಳಗಿನ ಕಾರ್ಯಾಚರಣ ವ್ಯವಸ್ಥೆಗಳಿಗೆ ತಡವಾಗಿ ಬಂದವು. ವಿಂಡೋಸ್‌ನಲ್ಲಿ 2001ರ ಎಕ್ಸ್‌ಪಿ ಆವೃತ್ತಿಯೊಂದಿಗೆ ‘ತುಂಗಾ’ ಫಾಂಟ್ ದೊರೆಯಿತು. ಎಲ್ಲೆಡೆ ನಡೆಯುತ್ತದೆ ಎಂಬ ಭರವಸೆ ಸಂಖ್ಯೆಗಳಿಗೂ ರೋಮನ್ ಅಕ್ಷರಗಳಿಗೂ ಮೊದಲು ನಿಜವಾಯಿತು. ಕನ್ನಡಕ್ಕೆ ಅದು ನಿಜವಾಗಲು ಪ್ರತಿಯೊಂದು ಕೆಳಪದರವೂ ಕನ್ನಡವನ್ನು ಕಲಿಯಬೇಕಾಯಿತು. ವಿವರಣೆಯನ್ನು ಒಮ್ಮೆ ಸ್ಥಿರಗೊಳಿಸಿದರೆ ಅದರೊಳಗಿನ ಊಹೆಗಳೂ ಸ್ಥಿರಗೊಳ್ಳುತ್ತವೆ ಎಂಬುದಕ್ಕೂ ಇಲ್ಲಿಯೇ ನಿದರ್ಶನವಿದೆ. ಲೋಕದ ಎಲ್ಲ ಅಕ್ಷರಗಳಿಗೆ 65,536 ಸ್ಥಾನಗಳು ಸಾಕೆಂಬ ನಂಬಿಕೆಯಿಂದ ಜಾವಾ ಒಂದು ಅಕ್ಷರಕ್ಕೆ 16 ಬಿಟ್‌ಗಳನ್ನು ನಿಗದಿಪಡಿಸಿತ್ತು. 2001ರಲ್ಲಿ ಯೂನಿಕೋಡ್ ಆ ಮಿತಿಯಾಚೆಗೂ ಅಕ್ಷರಗಳನ್ನು ಸೇರಿಸಿತು. 2004ರ ಆವೃತ್ತಿಯಲ್ಲಿ ಜಾವಾ ಇದಕ್ಕೆ ಹೊಂದಿಕೊಂಡಿತಾದರೂ ಹಳೆಯ ಅಳತೆಯನ್ನು ಬಿಡಲಾಗಲಿಲ್ಲ.

7. ಉಳಿದದ್ದು, ಅಳಿದದ್ದು

ಬ್ರೌಸರಿನೊಳಗೆ ನಡೆಯುವ ಜಾವಾ ‘ಆಪ್ಲೆಟ್’ಗಳೇ ಆ ಭಾಷೆಗೆ ಮೊದಲು ಖ್ಯಾತಿ ತಂದವು. ಭೌತವಿಜ್ಞಾನ, ಗಣಿತಗಳನ್ನು ಕಲಿಸಲು ಅಧ್ಯಾಪಕರು ಲೋಕದಾದ್ಯಂತ ಅವನ್ನು ಬರೆದರು. 2017ರಲ್ಲಿ ಜಾವಾದ 9ನೇ ಆವೃತ್ತಿ ಅವನ್ನು ತ್ಯಾಜ್ಯವೆಂದು ಸಾರಿತು. 2018ರ 11ನೇ ಆವೃತ್ತಿಯಲ್ಲಿ ಬ್ರೌಸರಿನಲ್ಲಿ ಅವನ್ನು ನಡೆಸುವ ಭಾಗವೇ ಇರಲಿಲ್ಲ. ಅಡೋಬ್ ಸಂಸ್ಥೆಯ ಫ್ಲ್ಯಾಶ್ 2020ರ ಡಿಸೆಂಬರ್ 31ರಂದು ಕೊನೆಗೊಂಡಿತು. ಕಡತಗಳು ಉಳಿದವು, ಅವನ್ನು ನಡೆಸುವ ಪರಿಸರ ಹೋಯಿತು. ತಾಳೆಗರಿ ಉಳಿದು ಲಿಪಿ ಓದುವವರು ಇಲ್ಲವಾದ ಸ್ಥಿತಿ ಇದು.

ಇದಕ್ಕೆ ಪ್ರತಿಯಾದ ನಿದರ್ಶನವೂ ಇದೆ. 1979ರಲ್ಲಿ ಸ್ಥಾಪಿತವಾದ ಇನ್ಫೋಕಾಮ್ ಎಂಬ ಚಿಕ್ಕ ಸಂಸ್ಥೆ ‘ಜೋರ್ಕ್’ ಮೊದಲಾದ ಪಠ್ಯರೂಪದ ಆಟಗಳಿಗಾಗಿ ‘ಜಡ್-ಮೆಷಿನ್’ ಎಂಬ ನಡುವಣ ಯಂತ್ರವನ್ನು ರೂಪಿಸಿತ್ತು. 1980ರ ದಶಕದ ಅಂತ್ಯದಲ್ಲಿ ಸಂಸ್ಥೆ ಮುಚ್ಚಿತು. ಆದರೆ ಯಂತ್ರ ಸರಳವಾಗಿದ್ದುದರಿಂದ ಆಸಕ್ತರು ಅದರ ವಿವರಣೆಯನ್ನು ಆಟಗಳಿಂದಲೇ ಪುನಾರಚಿಸಿದರು. 1990ರ ದಶಕದಲ್ಲಿ ಗ್ರಹಾಂ ನೆಲ್ಸನ್ ಅದನ್ನು ವ್ಯವಸ್ಥಿತವಾಗಿ ಬರೆದು ಪ್ರಕಟಿಸಿದರು. ಆ ಆಟಗಳನ್ನು ಇಂದಿನ ಮೊಬೈಲಿನಲ್ಲೂ ಆಡಬಹುದು. ಶ್ರೀಮಂತ ಸಂಸ್ಥೆಗಳ ಆಸರೆ ಇದ್ದ ಆಪ್ಲೆಟ್ ಬ್ರೌಸರಿನಿಂದ ಕಣ್ಮರೆಯಾಗಿ, ಆಸರೆ ಇಲ್ಲದ ಆಟ ಉಳಿದದ್ದು ಹೇಗೆ? ವಿವರಣೆ ಚಿಕ್ಕದಾಗಿತ್ತು, ಕೊನೆಗೆ ಸಾರ್ವಜನಿಕವಾಯಿತು ಎಂಬುದೇ ಉತ್ತರ.

ಬ್ರೌಸರಿನಲ್ಲಿ ತೆರವಾದ ಸ್ಥಾನವನ್ನು ತುಂಬಿದ್ದು 1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್ ಸಂಸ್ಥೆಗಾಗಿ ಹತ್ತು ದಿನಗಳಲ್ಲಿ ಮೊದಲ ರೂಪ ಕೊಟ್ಟ ಜಾವಾಸ್ಕ್ರಿಪ್ಟ್. 2008ರಲ್ಲಿ ಗೂಗಲ್ ಹೊರತಂದ ‘ವಿ8’ ಅದಕ್ಕೆ ವೇಗವನ್ನು ಕೊಟ್ಟಿತು. ವಿ8ರ ಶಿಲ್ಪಿ ಲಾರ್ಸ್ ಬಾಕ್ ಸೆಲ್ಫ್ ಮತ್ತು ಹಾಟ್‌ಸ್ಪಾಟ್‌ಗಳಲ್ಲಿ ಕೆಲಸ ಮಾಡಿದ್ದವರು. 2015ರಲ್ಲಿ ಪ್ರಕಟವಾದ ‘ವೆಬ್‌ಅಸೆಂಬ್ಲಿ’ಯನ್ನು ಪ್ರತಿಸ್ಪರ್ಧಿ ಬ್ರೌಸರುಗಳನ್ನು ತಯಾರಿಸುವವರು ಒಟ್ಟಾಗಿ ರೂಪಿಸಿದರು. 2019ರ ಡಿಸೆಂಬರ್ 5ರಂದು ಅದು ಜಾಲದ ಮಾನಕ ಸಂಸ್ಥೆಯಾದ ಡಬ್ಲ್ಯು3ಸಿಯ ಅಧಿಕೃತ ಶಿಫಾರಸಾಯಿತು. ಹಲವು ಭಾಷೆ, ಹಲವು ಯಂತ್ರ, ನಡುವೆ ಒಬ್ಬರ ಸ್ವತ್ತಲ್ಲದ ಒಂದು ಸಂಕೇತ. ಅನ್‌ಕೋಲ್‌ನ ಆಶಯಕ್ಕೆ ಇಷ್ಟು ಸಮೀಪ ಬಂದ ವ್ಯವಸ್ಥೆ ಅದಕ್ಕೂ ಮುನ್ನ ಇರಲಿಲ್ಲವೆಂದೇ ಹೇಳಬೇಕು.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಕೆಲವು ಮಾತುಗಳನ್ನು ಹೇಳಬಹುದಾಗಿದೆ. ಮೊದಲನೆಯದು, ನಡುವಣ ಯಂತ್ರದ ಕಲ್ಪನೆ ಹೊಸದಲ್ಲ. ಅದು ಮತ್ತೆ ಮತ್ತೆ ಹಿಂದೆ ಸರಿದು, ಪ್ರತಿ ಸಲವೂ ಬೇರೆ ಕಾರಣಕ್ಕಾಗಿ ಮರಳಿ ಬಂದಿದೆ: ಮೊದಲು ಕ್ರಮವಿಧಿಕಾರನ ಶ್ರಮ ಉಳಿಸಲು, ನಂತರ ಭಾಷೆಯನ್ನು ಸಾಗಿಸಲು, ಆ ಬಳಿಕ ಅಪರಿಚಿತ ಕ್ರಮವಿಧಿಯಿಂದ ರಕ್ಷಣೆ ಪಡೆಯಲು. ಎರಡನೆಯದು, ಯಂತ್ರಾವಲಂಬನೆಯನ್ನು ಕಳೆದುಕೊಂಡ ಕ್ರಮವಿಧಿ ವೇದಿಕೆಯ ಅವಲಂಬನೆಗೆ ಒಳಗಾಗುತ್ತದೆ. ಹಳೆಯ ಯಂತ್ರ ಕೆಟ್ಟು ನಿಲ್ಲುವುದಕ್ಕೆ ವರ್ಷಗಳು ಬೇಕು. ವೇದಿಕೆಯಾದರೋ ಒಂದು ಪ್ರಕಟಣೆಯಿಂದ ನಿಲ್ಲಬಹುದು. ಮೂರನೆಯದು, ದೀರ್ಘಾಯುಸ್ಸು ಸಂಸ್ಥೆಯ ಬಲಕ್ಕಿಂತ ವಿವರಣೆಯ ಸರಳತೆ ಮತ್ತು ಮುಕ್ತತೆಗಳನ್ನು ಹೆಚ್ಚಾಗಿ ಅವಲಂಬಿಸಿದೆ.

ನಿಘಂಟು, ಶಾಸನ, ಹಸ್ತಪ್ರತಿಗಳನ್ನು ಗಣಕೀಕರಿಸುತ್ತಿರುವ ನಮ್ಮ ಸಂಸ್ಥೆಗಳಿಗೆ ಇದರಲ್ಲಿ ಒಂದು ಪಾಠವಿದೆ. ದತ್ತಾಂಶವನ್ನು ಕಾಪಿಟ್ಟರೆ ಸಾಲದು. ಅದನ್ನು ತೆರೆದು ತೋರಿಸುವ ತಂತ್ರಾಂಶ ಯಾವ ಪರಿಸರದಲ್ಲಿ ನಡೆಯುತ್ತದೆ, ಆ ಪರಿಸರದ ವಿವರಣೆ ಸಾರ್ವಜನಿಕವಾಗಿದೆಯೇ, ಇನ್ನೊಬ್ಬರು ಅದನ್ನು ಮತ್ತೆ ಕಟ್ಟಬಲ್ಲರೇ ಎಂಬುದನ್ನು ಯೋಜನೆಯ ಆರಂಭದಲ್ಲಿಯೇ ಕೇಳಿಕೊಳ್ಳಬೇಕು. ಆ ವಿವರಣೆಯ ಪ್ರತಿಯೊಂದನ್ನು ದತ್ತಾಂಶದ ಜೊತೆಯಲ್ಲೇ ಗ್ರಂಥಾಲಯದಲ್ಲಿ ಇರಿಸುವುದು ಇಂದು ಅಲ್ಪ ವೆಚ್ಚದ ಕೆಲಸ. ಮುಂದಿನ ಸಂಶೋಧಕನಿಗೆ ಅದೊಂದೇ ಆಧಾರವಾಗಬಹುದು.